ಕೆರೆಯ ಲೆಕ್ಕ ಬರೆದ ರೇಮಂಡ್ ಲಿಂಡೆಮನ್

ಮನೆಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದರೆ ಪರೀಕ್ಷೆ ಸಮೀಪಿಸುವ ದಿನಗಳಲ್ಲಿ ಶೇಕಡಾ ಹತ್ತರ ನಿಯಮವೆಂಬ ಮಾತು ತಂದೆತಾಯಿಗಳ ಕಿವಿಗೆ ಬಿದ್ದಿರುತ್ತದೆ. ಹುಲ್ಲು ಸೂರ್ಯನಿಂದ ಪಡೆದು ಕೂಡಿಟ್ಟ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಅದನ್ನು ಮೇಯುವ ಜಿಂಕೆಯ ಮೈಗೆ ಸೇರುತ್ತದೆ, ಜಿಂಕೆಯ ಪಾಲಿನಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಹುಲಿಗೆ ದಕ್ಕುತ್ತದೆ. ಆದುದರಿಂದಲೇ ಕಾಡಿನಲ್ಲಿ ಹುಲ್ಲು ಹೇರಳ, ಜಿಂಕೆ ಮಿತ, ಹುಲಿ ವಿರಳ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ನಿಯಮದ ಪಕ್ಕದಲ್ಲಿ ಒಂದು ಹೆಸರು ಮತ್ತು ಒಂದು ಇಸವಿ ಇರುತ್ತವೆ: ಲಿಂಡೆಮನ್, 1942. ಎರಡು ಅಂಕದ ಪ್ರಶ್ನೆಗೆ ಅಷ್ಟೇ ಸಾಕು. ಆ ಹೆಸರಿನವರು ಯಾರು, ಎಲ್ಲಿಯವರು, ಆ ವರ್ಷ ಏನಾಯಿತು ಎಂದು ಮಕ್ಕಳು ಕೇಳುವುದಿಲ್ಲ, ಕೇಳಿದರೂ ಹೇಳಲು ಪಠ್ಯಪುಸ್ತಕದಲ್ಲಿ ಸ್ಥಳವಿಲ್ಲ.

1942ರಲ್ಲಿ ಆದದ್ದು ಇಷ್ಟು. ಇಪ್ಪತ್ತಾರು ವಯಸ್ಸಿನ ಯುವಕನೊಬ್ಬ ಆ ವರ್ಷದ ಜೂನ್ ತಿಂಗಳಲ್ಲಿ ತೀರಿಕೊಂಡ. ಮೊದಲು ತಿರಸ್ಕೃತವಾಗಿ ಬಳಿಕ ಹೇಗೋ ಅಂಗೀಕಾರವಾಗಿದ್ದ ಅವನ ಲೇಖನ ಅಕ್ಟೋಬರಿನಲ್ಲಿ ಅಚ್ಚಾಯಿತು. ಪರಿಸರ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಿತವಾಗಿರುವ ಬರಹಗಳಲ್ಲಿ ಅದೂ ಒಂದು. ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಶೇಕಡಾ ಹತ್ತರ ನಿಯಮ ಎಂಬುದು ಅದರಲ್ಲಿ ಸಿಗುವುದಿಲ್ಲ. ಈ ವಿಚಿತ್ರಕ್ಕೆ ಆಮೇಲೆ ಬರೋಣ.

ರೇಮಂಡ್ ಲಾರೆಲ್ ಲಿಂಡೆಮನ್ ಅವರು 1915ರ ಜುಲೈ 24ರಂದು ಅಮೆರಿಕದ ಉತ್ತರ ಭಾಗದ ಮಿನೆಸೋಟ ರಾಜ್ಯದಲ್ಲಿ, ರೆಡ್‌ವುಡ್ ಫಾಲ್ಸ್ ಎಂಬ ಊರಿನ ಸಮೀಪದ ಒಕ್ಕಲುತನದ ಕುಟುಂಬದಲ್ಲಿ ಜನಿಸಿದರು. ಹಿಮಯುಗದ ಮಂಜುಗಡ್ಡೆ ಹಿಂದೆ ಸರಿದಾಗ ಬಿಟ್ಟುಹೋದ ತಗ್ಗುಗಳೆಲ್ಲ ನೀರು ತುಂಬಿ ಸರೋವರಗಳಾದ ನಾಡು ಅದು. ಹತ್ತು ಸಾವಿರ ಸರೋವರಗಳ ರಾಜ್ಯವೆಂದೇ ಅದಕ್ಕೆ ಹೆಸರು. ಮಿಸೌರಿಯ ಪಾರ್ಕ್ ಕಾಲೇಜಿನಲ್ಲಿ ಓದಿ 1936ರಲ್ಲಿ ಪದವಿ ಪಡೆದ ಅವರು ತಮ್ಮ ರಾಜ್ಯಕ್ಕೆ ಹಿಂದಿರುಗಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿ ಸೇರಿದರು. ಅಮೆರಿಕದ ಆರ್ಥಿಕ ಕುಸಿತದ ವರ್ಷಗಳವು. ದೊಡ್ಡ ಉಪಕರಣ, ದೊಡ್ಡ ಅನುದಾನ ಯಾವುದನ್ನೂ ಬೇಡದ ವಿಷಯವೊಂದನ್ನು ಅವರು ಆರಿಸಿಕೊಂಡರು.

ಆ ವಿಷಯ ಒಂದು ಸಾಯುತ್ತಿರುವ ಕೆರೆ. ಮಿನಿಯಾಪೊಲಿಸ್ ನಗರದಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕೆ ಸೀಡರ್ ಕ್ರೀಕ್ ಎಂಬ ತೊರೆಯ ಪ್ರದೇಶದಲ್ಲಿ ಸೀಡರ್ ಬಾಗ್ ಎಂಬ ಸಣ್ಣ ಸರೋವರವಿದೆ. ಸರೋವರ ಎಂಬುದು ಗೌರವಕ್ಕೆ ಹೇಳುವ ಮಾತು. ನಮ್ಮ ಹಳ್ಳಿಗಳ ಎಷ್ಟೋ ಕೆರೆಗಳು ಅದಕ್ಕಿಂತ ದೊಡ್ಡವು. ಲಿಂಡೆಮನ್ ಅವರ ಕಾಲಕ್ಕೆ ಅದರ ನೀರಿನ ಆಳ ಒಂದು ಮೀಟರಿನ ಆಸುಪಾಸು. ತಳದಲ್ಲಿ ಮಾತ್ರ ಸಹಸ್ರಾರು ವರ್ಷಗಳ ಕೆಸರು ಹಲವು ಮೀಟರು ಕೂಡಿಕೊಂಡಿತ್ತು. ಅಂಚಿನಿಂದ ಜೊಂಡುಹುಲ್ಲಿನ ಚಾಪೆ ಒಳಮುಖವಾಗಿ ಹಬ್ಬುತ್ತಿತ್ತು, ಆ ಚಾಪೆಯ ಹಿಂದೆ ಪೊದೆಗಳು, ಪೊದೆಗಳ ಹಿಂದೆ ಲಾರ್ಚ್ ಮತ್ತು ಸೀಡರ್ ಮರಗಳ ಜೌಗುಕಾಡು. ಕಾಡು ನಡೆದು ಬಂದು ನೀರನ್ನು ನುಂಗುತ್ತಿತ್ತು ಎಂದರೂ ಸರಿಯೇ. ಇಂಥ ಸರೋವರವನ್ನು ಮುಪ್ಪಾದ ಸರೋವರ ಎಂದು ಆ ಶಾಸ್ತ್ರದವರು ಕರೆಯುತ್ತಾರೆ.

ಮಿನೆಸೋಟದಲ್ಲಿ ಆಗ ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ ಪಾಠ ಹೇಳುತ್ತಿದ್ದರು. ಬರಿನೆಲ ಅಥವಾ ನೀರು ಹಂತಹಂತವಾಗಿ ಹೇಗೆ ಪೂರ್ಣ ಕಾಡಾಗುತ್ತದೆ, ಯಾವ ಸಸ್ಯದ ಹಿಂದೆ ಯಾವ ಸಸ್ಯ ಬರುತ್ತದೆ ಎಂಬುದನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು ಅವರು. ಲಿಂಡೆಮನ್ ಅವರು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಾಗಿದ್ದರೂ ಕೂಪರ್ ಅವರ ವಿಚಾರ ಅವರಲ್ಲಿ ಆಳವಾಗಿ ಇಳಿಯಿತು. ಕೆರೆಯನ್ನು ಅವರು ಕೆರೆಯೆಂದು ಮಾತ್ರ ನೋಡದೆ, ಕಾಡಾಗುವ ದಾರಿಯಲ್ಲಿರುವ ನೆಲವೆಂದು ನೋಡಿದರು. ಮುಂದೆ ಅವರ ಕೊನೆಯ ಲೇಖನದಲ್ಲಿ ಬರುವ ರೇಖಾಚಿತ್ರವೊಂದು ಆಳವಾದ ಸರೋವರದಿಂದ ಹೊರಟು ಜೌಗಿನ ಮೂಲಕ ಹಾದು ಸ್ಥಿರವಾದ ಅರಣ್ಯದಲ್ಲಿ ಮುಗಿಯುತ್ತದೆ.

ಐದು ವರ್ಷ ಅವರು ಆ ನೀರಿನ ಬಳಿಗೆ ಎಡೆಬಿಡದೆ ಹೋದರು. ಜೊತೆಗೆ ಹೆಂಡತಿ ಎಲಿನೋರ್. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆಯನ್ನು ಕೊರೆದ ರಂಧ್ರ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಅವನ್ನು ತಿನ್ನುವ ಕಣ್ಣಿಗೆ ಕಾಣದ ಪ್ರಾಣಿಗಳು, ತಳದ ಕೆಸರಿನ ಹುಳುಗಳು, ಜಲಸಸ್ಯಗಳು, ಮೀನುಗಳು ಎಲ್ಲವನ್ನೂ ಋತು ಋತುವಿಗೆ ಹಿಡಿದು, ಎಣಿಸಿ, ತೂಗಿ ಬರೆದಿಟ್ಟರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ ಮೇಲೆ ಹಿಮ ಬಿದ್ದಾಗ ಕೆಳಗಿನ ನೀರಿನಲ್ಲಿ ಪ್ರಾಣವಾಯು ಮುಗಿದುಹೋಗುತ್ತದೆ, ಮೀನುಗಳು ಸಾಯುತ್ತವೆ. ಆದರೆ ಕೆಸರಿನಲ್ಲಿರುವ ಕೆಲವು ಮರಿಹುಳುಗಳು ಬದುಕಿ ಉಳಿಯುತ್ತವೆ. ಹೇಗೆ ಉಳಿಯುತ್ತವೆ ಎಂದು ಪ್ರಯೋಗಶಾಲೆಯಲ್ಲಿ ಆ ಸ್ಥಿತಿಯನ್ನೇ ಉಂಟುಮಾಡಿ ಪರೀಕ್ಷಿಸಿದರು. ಇವೆಲ್ಲ ಬೇಸರದ ಕೆಲಸಗಳು. ಸೂಕ್ಷ್ಮದರ್ಶಕದ ಕೆಳಗೆ ಒಂದು ತೊಟ್ಟು ನೀರಿನಲ್ಲಿರುವ ಜೀವಿಗಳನ್ನು ಎಣಿಸುವುದೆಂದರೆ ದಿನಗಟ್ಟಲೆ ಕಣ್ಣು ನೋಯಿಸಿಕೊಳ್ಳುವುದು. ಈ ನಡುವೆ ಅವರ ಯಕೃತ್ತು ಕೆಡಲಾರಂಭಿಸಿತ್ತು. ಕಾಮಾಲೆ ಬರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು.

1941ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಪ್ರಬಂಧದ ಅಧ್ಯಾಯಗಳು ಒಂದೊಂದಾಗಿ ಲೇಖನಗಳಾಗಿ ಹೊರಬಂದವು. ಸೀಡರ್ ಕ್ರೀಕ್ ಜೌಗಿನ ಬೆಳವಣಿಗೆಯ ಚರಿತ್ರೆ, ಮುಪ್ಪಾದ ಸರೋವರದ ಋತುಮಾನದ ಆಹಾರಚಕ್ರ, ತಳದ ಮರಿಹುಳುಗಳ ಹಂಚಿಕೆ ಎಂಬ ಮೂರು ಲೇಖನಗಳು 'ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್' ಎಂಬ ಪತ್ರಿಕೆಯಲ್ಲಿ ಅಚ್ಚಾದವು. ನಮ್ಮ ಓದುಗರಿಗೆ ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಪತ್ರಿಕೆ ಇಂಡಿಯಾನ ರಾಜ್ಯದ ನೋತ್ರದಾಮ್ ಕಥೋಲಿಕ ವಿಶ್ವವಿದ್ಯಾನಿಲಯದ್ದು. ಅದನ್ನು 1909ರಲ್ಲಿ ಸ್ಥಾಪಿಸಿದವರು ಪವಿತ್ರ ಶಿಲುಬೆಯ ಸಭೆಯ ಯಾಜಕರಾದ ವಂದನೀಯ ಜೂಲಿಯಸ್ ನ್ಯೂಲೆಂಡ್ ಅವರು. ಮೂಲತಃ ಸಸ್ಯಗಳ ಪ್ರೇಮಿ, ವೃತ್ತಿಯಲ್ಲಿ ರಸಾಯನಶಾಸ್ತ್ರಜ್ಞ. ಕೃತಕ ರಬ್ಬರಿನ ತಯಾರಿಕೆಗೆ ದಾರಿಮಾಡಿದ ಸಂಶೋಧನೆ ಅವರದು. 1936ರಲ್ಲಿ ಅವರು ತೀರಿಕೊಂಡರು, ಅಂದರೆ ಲಿಂಡೆಮನ್ ಅವರು ಕೆರೆಯ ಬಳಿಗೆ ಹೊರಟ ವರ್ಷವೇ. ಇಬ್ಬರಿಗೂ ಪರಿಚಯವಿರಲಿಲ್ಲ. ಆದರೆ ಯಾವುದೋ ಒಂದು ಜೌಗಿನ ಹುಳುಗಳ ಪಟ್ಟಿಗೂ ಅಚ್ಚಿನಲ್ಲಿ ಒಂದು ಸ್ಥಳ ಇರಬೇಕೆಂದು ಯಾಜಕರೊಬ್ಬರು ಮೂವತ್ತು ವರ್ಷಗಳ ಹಿಂದೆ ಯೋಚಿಸಿದ್ದು ಈ ಯುವಕನಿಗೆ ಒದಗಿಬಂತು.

ಆ ಲೇಖನಗಳು ಗಟ್ಟಿಯಾದ ಕೆಲಸ, ಆದರೆ ಅಷ್ಟರಿಂದಲೇ ಲಿಂಡೆಮನ್ ಅವರ ಹೆಸರು ಉಳಿಯುತ್ತಿರಲಿಲ್ಲ. ಹೆಸರನ್ನು ಉಳಿಸಿದ್ದು ಪ್ರಬಂಧದ ಕೊನೆಯ ಅಧ್ಯಾಯ. ಅದರ ಮಹತ್ವ ತಿಳಿಯಲು ಅಂದಿನ ಶಾಸ್ತ್ರದ ಸ್ಥಿತಿಯನ್ನು ಸ್ವಲ್ಪ ನೋಡಬೇಕು.

ಅಂದಿನ ಪರಿಸರ ವಿಜ್ಞಾನ ಹೆಚ್ಚಾಗಿ ಪಟ್ಟಿಗಳ ಶಾಸ್ತ್ರವಾಗಿತ್ತು. ಈ ಸರೋವರದಲ್ಲಿ ಇಂತಿಂಥ ಜೀವಿಗಳಿವೆ, ನೀರಿನ ಉಷ್ಣತೆ ಇಷ್ಟು, ಕರಗಿದ ಲವಣ ಇಷ್ಟು ಎಂದು ಬರೆದಿಡುವುದೇ ಮುಖ್ಯ ಕಾರ್ಯ. ಆದರೂ ಕೆಲವರು ಅದರಾಚೆ ನೋಡಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಅವರು 1927ರ ತಮ್ಮ ಗ್ರಂಥದಲ್ಲಿ ಆಹಾರ ಸರಪಳಿಯನ್ನು ವಿವರಿಸಿ, ಸಣ್ಣ ಪ್ರಾಣಿಗಳು ಅಸಂಖ್ಯ, ದೊಡ್ಡ ಬೇಟೆಪ್ರಾಣಿಗಳು ಕೆಲವೇ ಎಂಬುದನ್ನು ಗೋಪುರದ ಆಕಾರದಲ್ಲಿ ತೋರಿಸಿದ್ದರು. ಅದೇ ದೇಶದ ಆರ್ಥರ್ ಟ್ಯಾನ್ಸ್ಲಿ ಅವರು 1935ರಲ್ಲಿ ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿಗಳನ್ನೂ ಬಿಡಿಸದೆ ಒಂದೇ ವ್ಯವಸ್ಥೆಯೆಂದು ಗ್ರಹಿಸಬೇಕೆಂದು ವಾದಿಸಿ ಅದಕ್ಕೆ ಇಕೋಸಿಸ್ಟಮ್ ಎಂಬ ಪದವನ್ನು ಅಚ್ಚಿಗೆ ತಂದಿದ್ದರು. ನಾವು ಪರಿಸರ ವ್ಯವಸ್ಥೆ ಎನ್ನುತ್ತೇವೆ. ಪದ ಹುಟ್ಟಿತ್ತು. ಆದರೆ ಅದರಿಂದ ಏನು ಕೆಲಸ ಮಾಡಿಸಬಹುದೆಂದು ಇನ್ನೂ ಯಾರೂ ತೋರಿಸಿರಲಿಲ್ಲ.

ಲಿಂಡೆಮನ್ ಅವರು ಕೇಳಿದ ಪ್ರಶ್ನೆ ಸರಳ. ಕೆರೆಯ ಮೇಲೆ ಒಂದು ವರ್ಷದಲ್ಲಿ ಬೀಳುವ ಬಿಸಿಲು ಇಷ್ಟು. ಅದರಲ್ಲಿ ಪಾಚಿ ಮತ್ತು ಸಸ್ಯಗಳು ಹಿಡಿದಿಟ್ಟದ್ದೆಷ್ಟು, ಅವನ್ನು ತಿಂದ ಪ್ರಾಣಿಗಳಿಗೆ ಹೋದದ್ದೆಷ್ಟು, ಆ ಪ್ರಾಣಿಗಳನ್ನು ತಿಂದವಕ್ಕೆ ಹೋದದ್ದೆಷ್ಟು? ಪ್ರತಿಯೊಂದು ಜೀವಿಯ ಹೆಸರನ್ನು ಬದಿಗಿಟ್ಟು ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಮಾತ್ರ ಅವರು ನೋಡಿದರು. ಉತ್ಪಾದಿಸುವವರು ಮೊದಲ ಮೆಟ್ಟಿಲು, ಅವರನ್ನು ತಿನ್ನುವವರು ಎರಡನೆಯದು, ಹೀಗೆ ಮೇಲಕ್ಕೆ. ಎಲ್ಲರ ಕಳೇಬರವನ್ನೂ ಮತ್ತೆ ಲವಣವಾಗಿ ಬಿಡಿಸಿಕೊಡುವ ಬ್ಯಾಕ್ಟೀರಿಯಗಳು ತಳದಲ್ಲಿ. ಅವರು ಬರೆದ ಆಹಾರಚಕ್ರದ ಚಿತ್ರದ ನಟ್ಟನಡುವೆ ಇರುವುದು ಮೀನೂ ಅಲ್ಲ, ಪಾಚಿಯೂ ಅಲ್ಲ, ತಳದ ಕೆಸರು. ಎಲ್ಲ ಬಾಣಗಳೂ ಅದರೊಳಗೆ ಹೋಗಿ ಅದರಿಂದಲೇ ಹೊರಡುತ್ತವೆ.

ಮೀನು, ಹುಳು, ಪಾಚಿ ಇವುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಕೂಡಿಸಲಾಗದು. ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆದರೆ ಕೂಡಿಸಬಹುದು, ಕಳೆಯಬಹುದು, ಭಾಗಿಸಬಹುದು. ಭಿನ್ನ ಜಾತಿಯ ವಸ್ತುಗಳಿಗೆ ಸಮಾನವಾದ ಒಂದು ಅಳತೆ ಕಂಡುಕೊಳ್ಳುವುದು ತತ್ತ್ವಶಾಸ್ತ್ರದಲ್ಲಿಯೂ ದೊಡ್ಡ ಹೆಜ್ಜೆಯೇ. ಈ ಯುವಕ ಅದನ್ನು ಕೆಸರು ತುಂಬಿದ ಕೆರೆಯ ಮೇಲೆ ಪ್ರಯೋಗಿಸಿದರು.

1941ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸ್ಟರ್ಲಿಂಗ್ ವಿದ್ಯಾರ್ಥಿವೇತನ ದೊರೆತು ಅವರು ಎಲಿನೋರ್ ಅವರೊಡನೆ ಪೂರ್ವ ತೀರದ ನ್ಯೂಹೇವನ್ ನಗರಕ್ಕೆ ಹೋದರು. ಅಲ್ಲಿದ್ದವರು ಜಾರ್ಜ್ ಈವ್ಲಿನ್ ಹಚಿನ್ಸನ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1932ರಲ್ಲಿ ಯೇಲ್‌ನ ಉತ್ತರ ಭಾರತ ಸಂಶೋಧನ ಯಾತ್ರೆಯೊಂದಿಗೆ ನಮ್ಮ ದೇಶಕ್ಕೂ ಬಂದು ಲಡಾಖಿನ ಎತ್ತರದ ಸರೋವರಗಳನ್ನು ಅಭ್ಯಾಸ ಮಾಡಿದ್ದವರು. ಹಚಿನ್ಸನ್ ಅವರೂ ಸ್ವತಂತ್ರವಾಗಿ ಇದೇ ದಿಕ್ಕಿನಲ್ಲಿ ಆಲೋಚಿಸುತ್ತಿದ್ದರು; ಗಣಿತದ ಭಾಷೆ ಅವರಿಗೆ ಸಲೀಸಾಗಿತ್ತು. ಗುರುಶಿಷ್ಯರು ಕೂಡಿ ಆ ಕೊನೆಯ ಅಧ್ಯಾಯವನ್ನು ಮತ್ತೆ ತಿದ್ದಿದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಶಕ್ತಿ ದಾಟುವ ಪ್ರಮಾಣಕ್ಕೆ ಗಣಿತರೂಪ ಬಂತು.

ಅಂಕಿಗಳು ಹೀಗಿವೆ. ಸೀಡರ್ ಬಾಗ್ ಸರೋವರದ ಒಂದು ಚದರ ಸೆಂಟಿಮೀಟರಿನ ಮೇಲೆ ವರ್ಷಕ್ಕೆ ಬೀಳುವ ಬಿಸಿಲು ಸುಮಾರು 1,18,900 ಕ್ಯಾಲೊರಿ. ಅದರಲ್ಲಿ ಸಸ್ಯಗಳು ಹಿಡಿದದ್ದು ಸುಮಾರು 111, ಅಂದರೆ ಶೇಕಡಾ 0.10. ಸಸ್ಯಗಳಿಂದ ಸಸ್ಯಾಹಾರಿಗಳಿಗೆ ದಾಟಿದ್ದು ಶೇಕಡಾ 13.3. ಅವುಗಳಿಂದ ಮುಂದಿನ ಮೆಟ್ಟಿಲಿಗೆ ಶೇಕಡಾ 22.3. ಹೋಲಿಕೆಗಾಗಿ ಅವರು ವಿಸ್ಕಾನ್ಸಿನ್ ರಾಜ್ಯದ ಮೆಂಡೋಟ ಎಂಬ ದೊಡ್ಡ ಸರೋವರದ ಲೆಕ್ಕವನ್ನೂ ಕೊಟ್ಟರು. ಅಲ್ಲಿ ಸಸ್ಯಗಳು ಹಿಡಿದದ್ದು ಬಿಸಿಲಿನ ಶೇಕಡಾ 0.40, ಮುಂದಿನ ಮೆಟ್ಟಿಲುಗಳಲ್ಲಿ ಅನುಕ್ರಮವಾಗಿ 8.7, 5.5 ಮತ್ತು 13.0. ಉಳಿದ ಶಕ್ತಿ ಎಲ್ಲಿ ಹೋಯಿತು? ಜೀವಿಗಳು ಉಸಿರಾಡಿ ಬಿಸಿಯಾಗಿ ಹೊರಬಿಟ್ಟವು, ತಿನ್ನಿಸಿಕೊಳ್ಳದೆ ಸತ್ತು ಕೆಸರು ಸೇರಿದವು. ಮೇಲಿನ ಮೆಟ್ಟಿಲುಗಳು ಏಕೆ ಕಿರಿದಾಗುತ್ತವೆ, ಸರಪಳಿಗಳು ನಾಲ್ಕೈದು ಕೊಂಡಿಗಳಲ್ಲೇ ಏಕೆ ಮುಗಿಯುತ್ತವೆ ಎಂಬ ಪ್ರಶ್ನೆಗೆ ಮೊದಲ ಬಾರಿಗೆ ಅಂಕಿಗಳ ಉತ್ತರ ಸಿಕ್ಕಿತು.

ಲೇಖನವನ್ನು 'ಇಕಾಲಜಿ' ಪತ್ರಿಕೆಗೆ ಕಳುಹಿಸಲಾಯಿತು. ಪತ್ರಿಕೆಯ ಪರವಾಗಿ ಅದನ್ನು ನಿರ್ವಹಿಸಿದ ಸಂಪಾದಕರು ತಾಮಸ್ ಪಾರ್ಕ್. ರೂಢಿಯಂತೆ ಇಬ್ಬರು ಹಿರಿಯರ ಅಭಿಪ್ರಾಯ ಕೇಳಿದರು. ಒಬ್ಬರು ಸರೋವರ ಶಾಸ್ತ್ರದ ಪಠ್ಯಪುಸ್ತಕ ಬರೆದಿದ್ದ ಮಿಶಿಗನ್‌ನ ಪಾಲ್ ವೆಲ್ಚ್, ಇನ್ನೊಬ್ಬರು ವಿಸ್ಕಾನ್ಸಿನ್‌ನ ಚಾನ್ಸಿ ಜೂಡೆ. ಇಬ್ಬರೂ ಬೇಡವೆಂದರು. ಇದರಲ್ಲಿ ಕಂಡದ್ದಕ್ಕಿಂತ ಊಹಿಸಿದ್ದೇ ಹೆಚ್ಚು, ಇರುವ ಸರೋವರಗಳಿಗಿಂತ ಕಲ್ಪನೆಯ ಸರೋವರಗಳೇ ಹೆಚ್ಚು ಎಂಬುದು ಜೂಡೆಯವರ ಆಕ್ಷೇಪ. ಇಷ್ಟು ವ್ಯಾಪಕವಾದ ಸಾಮಾನ್ಯ ಸಿದ್ಧಾಂತಗಳಿಗೆ ನಮ್ಮ ಶಾಸ್ತ್ರ ಇನ್ನೂ ಸಿದ್ಧವಾಗಿಲ್ಲ ಎಂಬುದು ವೆಲ್ಚ್ ಅವರ ನಿಲುವು. 1941ರ ಕೊನೆಯ ತಿಂಗಳುಗಳಲ್ಲಿ ಲೇಖನ ತಿರಸ್ಕೃತವಾಯಿತು.

ಇಲ್ಲಿ ಆ ಇಬ್ಬರು ಹಿರಿಯರನ್ನು ಖಳರಂತೆ ಚಿತ್ರಿಸುವುದು ಸುಲಭ, ಹಲವರು ಹಾಗೆ ಚಿತ್ರಿಸಿಯೂ ಇದ್ದಾರೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಜೂಡೆಯವರಿಗೆ ಆಗ ಎಪ್ಪತ್ತು ವರ್ಷ. ತಮ್ಮ ಹಿರಿಯ ಸಹೋದ್ಯೋಗಿ ಎಡ್ವರ್ಡ್ ಬರ್ಜ್ ಅವರೊಡನೆ ದಶಕಗಟ್ಟಲೆ ವಿಸ್ಕಾನ್ಸಿನ್‌ನ ಸರೋವರಗಳನ್ನು ಅಳೆದವರು. ಒಂದು ಸರೋವರದಂತೆ ಇನ್ನೊಂದಿಲ್ಲ ಎಂಬುದನ್ನು ಅಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇರಲಿಲ್ಲ. ಬಿಡಿ ಸಂಗತಿಗಳಿಂದ ಸಾಮಾನ್ಯಕ್ಕೆ ಏರುವ ಮಾರ್ಗವನ್ನು ತರ್ಕಶಾಸ್ತ್ರದಲ್ಲಿ ಅನುಗಮನವೆಂದೂ ಸಾಮಾನ್ಯದಿಂದ ಬಿಡಿ ಸಂಗತಿಗೆ ಇಳಿಯುವುದನ್ನು ನಿಗಮನವೆಂದೂ ಕರೆಯುತ್ತಾರೆ. ಗುರುಮಠದ ಮೊದಲ ವರ್ಷದಲ್ಲೇ ನಮಗೆ ಇದನ್ನು ಕಲಿಸುತ್ತಿದ್ದರು. ಎಷ್ಟು ಬಿಡಿ ಸಂಗತಿಗಳು ಸೇರಿದರೆ ಒಂದು ಸಾಮಾನ್ಯ ಸತ್ಯ ಹೇಳಬಹುದು ಎಂಬ ಪ್ರಶ್ನೆಗೆ ಮಾತ್ರ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಜೂಡೆಯವರು ಇನ್ನೂ ಸಾಲದು ಎಂದರು. ಲಿಂಡೆಮನ್ ಅವರು ಒಂದು ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿದರೆ ತಾನೇ ಯಾವ ಸಂಗತಿಗಳನ್ನು ಕೂಡಿಸಬೇಕೆಂದು ಗೊತ್ತಾಗುವುದು ಎಂಬ ಪಕ್ಷದವರು. ಇಬ್ಬರೂ ಪ್ರಾಮಾಣಿಕರು. ಒಬ್ಬರಿಗೆ ಕಾಯಲು ಸಮಯವಿತ್ತು ಎಂಬುದಷ್ಟೇ ವ್ಯತ್ಯಾಸ, ಇನ್ನೊಬ್ಬರಿಗೆ ಇರಲಿಲ್ಲ.

ಇನ್ನೊಂದು ವಿಪರ್ಯಾಸವಿದೆ. ಮೆಂಡೋಟ ಸರೋವರದ ಅಂಕಿಗಳನ್ನು ಲಿಂಡೆಮನ್ ಅವರು ತೆಗೆದುಕೊಂಡದ್ದು ಜೂಡೆಯವರ ಬರಹದಿಂದಲೇ. ಒಳನಾಡಿನ ಸರೋವರವೊಂದರ ವಾರ್ಷಿಕ ಶಕ್ತಿಯ ಆಯವ್ಯಯ ಎಂಬ ವಿಷಯದ ಮೇಲೆ ಜೂಡೆಯವರು 1940ರಲ್ಲಿ ಅದೇ 'ಇಕಾಲಜಿ' ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಅವರ ಶ್ರಮವಿಲ್ಲದೆ ಲಿಂಡೆಮನ್ ಅವರ ವಾದಕ್ಕೆ ಎರಡನೆಯ ಕಾಲು ಇರುತ್ತಿರಲಿಲ್ಲ. ತಮ್ಮ ಅಂಕಿಗಳು ಏನು ಹೇಳುತ್ತಿವೆ ಎಂಬುದನ್ನು ತಮಗಿಂತ ನಲವತ್ತನಾಲ್ಕು ವರ್ಷ ಕಿರಿಯನಾದವನೊಬ್ಬ ಓದಿ ತೋರಿಸಿದಾಗ ಆ ಹಿರಿಯರಿಗೆ ಅವು ತಮ್ಮವೆಂದು ಅನಿಸಲಿಲ್ಲ.

ಹಚಿನ್ಸನ್ ಅವರು ಸುಮ್ಮನಿರಲಿಲ್ಲ. ಸಂಪಾದಕರಿಗೆ ದೀರ್ಘವಾದ ಪತ್ರ ಬರೆದರು. ಅಂಕಿಅಂಶಗಳು ರಾಶಿ ಬಿದ್ದಿದ್ದರೂ ಅವನ್ನು ಜೋಡಿಸುವ ವಿಚಾರವಿಲ್ಲದೆ ಶಾಸ್ತ್ರ ಮುಂದುವರಿಯದು ಎಂಬುದು ಅವರ ವಾದದ ತಿರುಳು. ಲಿಂಡೆಮನ್ ಅವರು ರೋಗದ ನಡುವೆಯೇ ಲೇಖನವನ್ನು ಪರಿಷ್ಕರಿಸಿದರು. ಪಾರ್ಕ್ ಅವರ ಸ್ಥಾನ ಸುಖಕರವಾಗಿರಲಿಲ್ಲ. ಪರಿಷ್ಕೃತ ಲೇಖನವನ್ನು ನೋಡಿದ ಬಳಿಕವೂ ಪರಿಶೀಲಕರು ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಆದರೂ 1942ರ ವಸಂತಕಾಲದಲ್ಲಿ ಪಾರ್ಕ್ ಅವರು ಅದನ್ನು ಅಂಗೀಕರಿಸಿದರು. ಇಂಥ ವಿಷಯಗಳನ್ನು ಜರಡಿ ಹಿಡಿಯುವುದು ಕಾಲಕ್ಕೆ ಬಿಟ್ಟದ್ದು ಎಂಬ ಅರ್ಥದಲ್ಲಿ ಲೇಖಕರಿಗೆ ತಿಳಿಸಿದರು. ತಾವೂ ಸಂಪೂರ್ಣವಾಗಿ ಒಪ್ಪದ ಒಂದು ಬರಹಕ್ಕೆ, ಹಿರಿಯರ ಮಾತನ್ನು ಮೀರಿ, ಬಾಗಿಲು ತೆರೆದ ಈ ಸಂಪಾದಕರ ಧೈರ್ಯವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ.

ಕಾಮಾಲೆ ಮತ್ತೆ ಬಂತು, ಈ ಬಾರಿ ಇಳಿಯಲಿಲ್ಲ. ಯಕೃತ್ತಿನ ರೋಗಕ್ಕೆ ಶಸ್ತ್ರಚಿಕಿತ್ಸೆಯಾಯಿತು. 1942ರ ಜೂನ್ 29ರಂದು ರೇಮಂಡ್ ಲಿಂಡೆಮನ್ ಅವರು ಮರಣಹೊಂದಿದರು. ಇನ್ನು ಇಪ್ಪತ್ತೈದು ದಿನ ಕಳೆದಿದ್ದರೆ ಅವರಿಗೆ ಇಪ್ಪತ್ತೇಳು ತುಂಬುತ್ತಿತ್ತು. ಅಕ್ಟೋಬರ್ ಸಂಚಿಕೆಯ 399ನೆಯ ಪುಟದಿಂದ ಆರಂಭವಾದ ಲೇಖನದ ಕೊನೆಯಲ್ಲಿ ಹಚಿನ್ಸನ್ ಅವರು ಒಂದು ಸಣ್ಣ ಟಿಪ್ಪಣಿ ಸೇರಿಸಿ, ಇದನ್ನು ಬರೆದಾತ ಇನ್ನಿಲ್ಲವೆಂದು ಓದುಗರಿಗೆ ತಿಳಿಸಿದರು. ಐದು ವರ್ಷ ಆ ಕೆರೆಯ ಮೇಲೆ ಜೊತೆಗೆ ದುಡಿದಿದ್ದ ಎಲಿನೋರ್ ಅವರ ಕೈಗೆ ಆ ಸಂಚಿಕೆ ಬಂದಾಗ ಅವರು ವಿಧವೆ. ಲಿಂಡೆಮನ್ ಅವರ ಪ್ರಕಟಿತ ಕೃತಿಗಳನ್ನೆಲ್ಲ ಒಟ್ಟಿಗೆ ಇಟ್ಟರೆ ಒಂದು ತೆಳ್ಳನೆಯ ಹೊತ್ತಗೆಯೂ ಆಗದು.

ಯುದ್ಧದ ವರ್ಷಗಳಲ್ಲಿ ಲೇಖನ ಹೆಚ್ಚು ಸದ್ದು ಮಾಡಲಿಲ್ಲ. ಅದನ್ನು ಎತ್ತಿಕೊಂಡು ನಡೆದವರು ಮುಂದಿನ ತಲೆಮಾರಿನವರು. ಹಚಿನ್ಸನ್ ಅವರ ಶಿಷ್ಯ ಹೋವರ್ಡ್ ಓಡಮ್ ಮತ್ತು ಅವರ ಅಣ್ಣ ಯೂಜೀನ್ ಓಡಮ್ ಇವರಲ್ಲಿ ಮುಖ್ಯರು. 1953ರಲ್ಲಿ ಯೂಜೀನ್ ಓಡಮ್ ಅವರ ಪಠ್ಯಗ್ರಂಥ ಹೊರಬಂದಾಗ ಪರಿಸರ ವ್ಯವಸ್ಥೆ ಮತ್ತು ಅದರೊಳಗಿನ ಶಕ್ತಿಯ ಹರಿವು ಇಡೀ ಶಾಸ್ತ್ರದ ಕೇಂದ್ರಕ್ಕೆ ಬಂದವು. ಹೋವರ್ಡ್ ಅವರು 1957ರಲ್ಲಿ ಫ್ಲಾರಿಡದ ಸಿಲ್ವರ್ ಸ್ಪ್ರಿಂಗ್ಸ್ ಚಿಲುಮೆಯ ಶಕ್ತಿಯ ಲೆಕ್ಕ ಪ್ರಕಟಿಸಿದರು. ಆಮೇಲೆ ಲೆಕ್ಕದ ಪುಸ್ತಕ ನೀರನ್ನು ಬಿಟ್ಟು ಕಾಡಿಗೆ ಹೋಯಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬರ್ಡ್ ಬ್ರೂಕ್ ಅರಣ್ಯದಲ್ಲಿ 1963ರಿಂದ ಹರ್ಬರ್ಟ್ ಬೋರ್ಮನ್, ಜೀನ್ ಲೈಕನ್ಸ್ ಮತ್ತು ಸಂಗಡಿಗರು ಒಂದೊಂದು ಸಣ್ಣ ಕಣಿವೆಯನ್ನು ಒಂದೊಂದು ವ್ಯವಸ್ಥೆಯೆಂದು ಭಾವಿಸಿ, ಮಳೆಯಲ್ಲಿ ಒಳಬಂದದ್ದೆಷ್ಟು, ತೊರೆಯಲ್ಲಿ ಹೊರಹೋದದ್ದೆಷ್ಟು ಎಂದು ಅಳೆದರು. 1965ರ ಕೊನೆಯಲ್ಲಿ ಒಂದು ಕಣಿವೆಯ ಮರಗಳನ್ನೆಲ್ಲ ಕಡಿದು ಅಲ್ಲೇ ಬಿಟ್ಟು, ಮತ್ತೆ ಚಿಗುರದಂತೆ ತಡೆದರು. ಮಣ್ಣಿನಲ್ಲಿ ಹಿಡಿದಿಟ್ಟಿದ್ದ ನೈಟ್ರೇಟ್ ಹತ್ತಾರು ಪಟ್ಟು ಹೆಚ್ಚಾಗಿ ತೊರೆಯ ಪಾಲಾಯಿತು. ಕಾಡೆಂದರೆ ನಿಂತ ಮರಗಳ ಗುಂಪಷ್ಟೇ ಅಲ್ಲ, ಆಯವ್ಯಯ ಉಳ್ಳ ಒಂದು ವ್ಯವಸ್ಥೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಆ ಲೆಕ್ಕದ ಮೊದಲ ಪುಟ ಸೀಡರ್ ಬಾಗ್‌ನಲ್ಲಿ ಬರೆದದ್ದು.

ಈ ನಡುವೆ ವಿಜ್ಞಾನಿಗಳ ಲೋಕದಲ್ಲಿ ಇನ್ನೊಂದು ಬಗೆಯ ಲೆಕ್ಕವೂ ಆರಂಭವಾಗಿತ್ತು. ಫಿಲಡೆಲ್ಫಿಯದ ಯೂಜೀನ್ ಗಾರ್ಫೀಲ್ಡ್ ಅವರು 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ಬೃಹತ್ ಸೂಚಿಯನ್ನು ಪ್ರಕಟಿಸತೊಡಗಿದರು. ಯಾವ ಲೇಖನವನ್ನು ಮುಂದಿನವರು ತಮ್ಮ ಅಡಿಟಿಪ್ಪಣಿಗಳಲ್ಲಿ ಎಷ್ಟು ಸಲ ಸ್ಮರಿಸಿದ್ದಾರೆ ಎಂದು ಅದರಿಂದ ತಿಳಿಯಬಹುದು. ಗ್ರಂಥ ಹುಡುಕಲು ಮಾಡಿದ ಈ ಸಾಧನ ಕ್ರಮೇಣ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಇಂದು ಅಧ್ಯಾಪಕರ ನೇಮಕ, ಬಡ್ತಿಗಳಿಗೂ ಅದನ್ನೇ ನೋಡುತ್ತಾರೆ. ಆ ತಕ್ಕಡಿಯಲ್ಲಿ ಲಿಂಡೆಮನ್ ಅವರ ಈ ಒಂದು ಲೇಖನ ಸಾವಿರಾರು ಉಲ್ಲೇಖಗಳ ತೂಕದ್ದು. ಇತರ ಐದಾರು ಲೇಖನಗಳನ್ನು ನೆನೆಯುವವರು ಬಹಳ ಕಡಿಮೆ. ಹಾಗೆಂದು ಆ ಐದಾರು ಇಲ್ಲದೆ ಈ ಒಂದು ಹುಟ್ಟುತ್ತಿರಲಿಲ್ಲ ಎಂಬುದನ್ನು ತಕ್ಕಡಿ ತೋರಿಸುವುದಿಲ್ಲ.

ಉಲ್ಲೇಖಿಸುವುದು ಹಳೆಯ ಸಂಪ್ರದಾಯವೇ. ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಅರಿಸ್ಟಾಟಲನನ್ನು ಹೆಜ್ಜೆಹೆಜ್ಜೆಗೂ ಸ್ಮರಿಸುತ್ತಾರೆ, ಹೆಸರನ್ನೂ ಹೇಳದೆ ತತ್ತ್ವಜ್ಞಾನಿ ಎಂದಷ್ಟೇ ಕರೆಯುತ್ತಾರೆ. ಆದರೆ ಅವರು ಅರಿಸ್ಟಾಟಲನ ಗ್ರಂಥಗಳನ್ನು ಸಾಲುಸಾಲಾಗಿ ಓದಿ ಭಾಷ್ಯ ಬರೆದವರು. ಸ್ಮರಣೆಯ ಹಿಂದೆ ಓದಿತ್ತು. ಲಿಂಡೆಮನ್ ಅವರ ವಿಷಯದಲ್ಲಿ ಹಾಗೆ ಆಗಲಿಲ್ಲ. ಅವರ ಕೋಷ್ಟಕದಲ್ಲಿ ಇರುವ ಪ್ರಮಾಣಗಳನ್ನು ಮೇಲೆ ಕೊಟ್ಟಿದ್ದೇನೆ: ಶೇಕಡಾ 5.5ರಿಂದ 22.3ರವರೆಗೆ. ಎಲ್ಲಿಯೂ ಹತ್ತೆಂಬ ನಿಯಮವಿಲ್ಲ. ಎಲ್ಲ ಮೆಟ್ಟಿಲುಗಳಿಗೂ ಒಂದೇ ಪ್ರಮಾಣ ಎಂಬುದಕ್ಕೆ ಬದಲಾಗಿ, ಮೇಲೇರಿದಂತೆ ದಕ್ಷತೆ ಹೆಚ್ಚುತ್ತದೆಯೇನೋ ಎಂಬ ಅನುಮಾನವನ್ನು ಅವರು ಮುಂದಿಟ್ಟಿದ್ದರು. ಆ ಅನುಮಾನ ಸಾರ್ವತ್ರಿಕ ನಿಯಮವಾಗಿ ಮುಂದೆ ನಿಲ್ಲಲಿಲ್ಲ. ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಪ್ರಮಾಣವಿದೆಯೆಂದು ಬಳಿಕದ ಅಳತೆಗಳು ತೋರಿಸಿದವು. ಈ ಮಟ್ಟಿಗೆ ಜೂಡೆಯವರ ಎಚ್ಚರಿಕೆಯೂ ಸುಳ್ಳಾಗಲಿಲ್ಲ. ಆದರೆ ಪಠ್ಯಪುಸ್ತಕಗಳಿಗೆ ದುಂಡಾದ ಒಂದು ಅಂಕಿ ಬೇಕಿತ್ತು. ಹತ್ತು ಎಂಬುದು ಸರಾಸರ ಅಂದಾಜಿಗೆ ಹತ್ತಿರವಿತ್ತು, ಲೆಕ್ಕ ಮಾಡಲು ಸುಲಭವಿತ್ತು. ಹತ್ತಕ್ಕೆ ನಿಯಮವೆಂಬ ಬಿರುದು ಬಂತು, ನಿಯಮಕ್ಕೆ ಲಿಂಡೆಮನ್ ಅವರ ಹೆಸರು ಬಂತು. ಸ್ಥೂಲ ಅಂದಾಜೆಂದು ಅದನ್ನು ಕಲಿಸಿದರೆ ತಪ್ಪೇನಿಲ್ಲ. ಅವರು ಹಾಗೆ ಹೇಳಿದರೆಂದು ಕಲಿಸುವುದು ಮಾತ್ರ ಸರಿಯಲ್ಲ.

ಜೂಡೆಯವರು 1944ರಲ್ಲಿ ತೀರಿಕೊಂಡರು, ಲೇಖನದ ಭಾಗ್ಯವನ್ನು ನೋಡುವಷ್ಟು ಬದುಕಲಿಲ್ಲ. ಹಚಿನ್ಸನ್ ಅವರು 1991ರವರೆಗೆ ಬಾಳಿ, ಎಲ್ಲವನ್ನೂ ನೋಡಿದರು. ಸೀಡರ್ ಕ್ರೀಕ್ ಪ್ರದೇಶವನ್ನು ಮಿನೆಸೋಟ ವಿಶ್ವವಿದ್ಯಾನಿಲಯ ಸಂಶೋಧನೆಗಾಗಿ ಕಾದಿಟ್ಟಿದೆ; 1982ರಿಂದ ಅದು ಅಮೆರಿಕದ ದೀರ್ಘಾವಧಿ ಪರಿಸರ ಸಂಶೋಧನೆಯ ಕೇಂದ್ರಗಳಲ್ಲೊಂದು. ಕೆರೆಯ ಸುತ್ತ ಜೊಂಡಿನ ಚಾಪೆಯೂ ಅದರ ಹಿಂದೆ ಲಾರ್ಚ್, ಸೀಡರ್‌ಗಳೂ ಈಗಲೂ ಇವೆ. ಸರೋವರ ಮತ್ತು ಸಾಗರ ವಿಜ್ಞಾನಿಗಳ ಸಂಘವು 1987ರಿಂದ ಲಿಂಡೆಮನ್ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತ ಬಂದಿದೆ. ಅದು ಯಾರ ಜೀವಮಾನದ ಸಾಧನೆಗೂ ಅಲ್ಲ. ಮೂವತ್ತೈದು ವಯಸ್ಸು ದಾಟದ ಸಂಶೋಧಕರೊಬ್ಬರು ಬರೆದ ಒಂದೇ ಒಂದು ಲೇಖನಕ್ಕೆ.